ಶಿಬಿರವೋ, ಸಂಘವೋ, ಅಡಿಕೆ ಚಪ್ಪರವೋ: ಮಲೆನಾಡಿನಲ್ಲಿ ಪೌಷ್ಟಿಕ ಆಹಾರದ ಪಾಠ ನಡೆಸುವವರಿಗೆ

ಕೈಯಲ್ಲಿ ಒಂದಿಷ್ಟು ದುಡ್ಡಿದೆ, ಹತ್ತು ಹದಿನೈದು ಹಳ್ಳಿಗಳಿವೆ, ಕೂಲಿ ಮಾಡಿ ಬದುಕುವ ಮನೆಗಳಿಗೆ ಊಟದ ಬಗ್ಗೆ ತಿಳಿವಳಿಕೆ ಕೊಡುವ ಕೆಲಸ ನಿಮ್ಮ ಹೆಗಲಿಗೆ ಬಂದಿದೆ ಅಂದುಕೊಳ್ಳಿ. ಮೊದಲ ದಿನವೇ ಹತ್ತು ಜನ ಹತ್ತು ದಾರಿ ಹೇಳುತ್ತಾರೆ. ಒಬ್ಬರು ದೊಡ್ಡ ಶಿಬಿರ ಮಾಡಿ ಅನ್ನುತ್ತಾರೆ. ಇನ್ನೊಬ್ಬರು ಕಿಟ್ ಹಂಚಿ ಅನ್ನುತ್ತಾರೆ. ವಾಟ್ಸಾಪ್ ಗುಂಪು ಮಾಡಿದರೆ ಸಾಕು ಅನ್ನುವವರೂ ಇದ್ದಾರೆ. ಶಿವಮೊಗ್ಗ ಜಿಲ್ಲೆಯ ಹೊಸನಗರ, ತೀರ್ಥಹಳ್ಳಿ ಕಡೆ ಆರು ವರ್ಷ ಈ ಕೆಲಸ ನೋಡಿಕೊಂಡಿದ್ದೇನೆ, ಇವೆಲ್ಲವನ್ನೂ ಒಂದಲ್ಲ ಒಂದು ವರ್ಷ ಮಾಡಿ ನೋಡಿದ್ದೇನೆ. ಯಾವುದು ಎಲ್ಲಿ ನಡೆಯುತ್ತದೆ, ಯಾವುದಕ್ಕೆ ದುಡ್ಡು ಹಾಕಬಾರದು ಅಂತ ನನಗೆ ಕಂಡದ್ದನ್ನು ಹೇಳುತ್ತೇನೆ.

ಮೊದಲು ಒಂದು ಲೆಕ್ಕ ನೋಡಿಬಿಡಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 44.8 ಮಂದಿಗೆ ರಕ್ತಹೀನತೆ ಇತ್ತು. 2019-21ರ ಸಮೀಕ್ಷೆಯಲ್ಲಿ ಅದು ಶೇ. 47.8 ಆಯಿತು. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 60.9 ಇದ್ದದ್ದು 65.5ಕ್ಕೆ ಏರಿತು. ಅನ್ನಭಾಗ್ಯ 2013ರಲ್ಲೇ ಶುರುವಾಗಿತ್ತು, ಮನೆಗೆ ಅಕ್ಕಿ ಬರುವುದು ನಿಂತಿರಲಿಲ್ಲ. ಹೊಟ್ಟೆ ತುಂಬುವುದೇ ಬೇರೆ, ಮೈಗೆ ರಕ್ತ ತುಂಬುವುದೇ ಬೇರೆ. ನಮ್ಮ ಕಡೆ ಬೆಳಿಗ್ಗೆ ರೊಟ್ಟಿ ಇಲ್ಲವೇ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಜೊತೆಗೆ ತೆಳ್ಳಗಿನ ಸಾರು, ಊಟದ ಹಿಂದೆಯೇ ಒಂದು ಲೋಟ ಚಹಾ. ಹಾಗಾಗಿ ಪಾಠವೆಲ್ಲ ಅನ್ನದ ಪಕ್ಕದಲ್ಲಿ ಏನಿರಬೇಕು ಅನ್ನುವುದರ ಸುತ್ತಲೇ ಇರಲಿ.

ಎಲ್ಲಿ ಕೂರಿಸಿ ಹೇಳುವುದು

ಒಂದು ದಿನದ ಶಿಬಿರ ಎಲ್ಲರಿಗೂ ಇಷ್ಟ. ಶಾಮಿಯಾನ, ಮೈಕು, ಬ್ಯಾನರ್, ಮಧ್ಯಾಹ್ನ ಊಟ. ಫೋಟೊ ಚೆನ್ನಾಗಿ ಬರುತ್ತದೆ, ವರದಿ ಬರೆಯುವುದು ಸುಲಭ. ನಾವು ಮೊದಲ ವರ್ಷ ಮಾಡಿದ್ದು ಇದನ್ನೇ. ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಮಾತು ಎಲ್ಲ ಮುಗಿದು ವಿಷಯಕ್ಕೆ ಬರುವಾಗ ಊಟದ ಹೊತ್ತಾಗಿತ್ತು. ಬಂದಿದ್ದ ಆಹಾರ ತಜ್ಞರು ಪರದೆ ಮೇಲೆ ಸೇಬು, ಬಾದಾಮಿ, ಪನೀರು ತೋರಿಸಿದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು, 'ಅಮ್ಮ, ನಮ್ಮ ಹಿತ್ತಲಲ್ಲಿ ಇರೋದು ಹೇಳಿ' ಅಂದರು. ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ. ಅಲ್ಲಿ ಬಂದು ಕೂತ ಒಬ್ಬೊಬ್ಬರೂ ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಶಿಬಿರ ಒಂದಕ್ಕೆ ಮಾತ್ರ ಒಳ್ಳೆಯದು: ರಕ್ತ ಪರೀಕ್ಷೆ, ತೂಕ, ಡಾಕ್ಟರು ಒಂದೇ ಕಡೆ ಸಿಗಬೇಕಾದಾಗ. ಕಲಿಸುವುದಕ್ಕೆ ಅಲ್ಲ.

ಅಂಗನವಾಡಿ ಇದಕ್ಕಿಂತ ಎಷ್ಟೋ ಮೇಲು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಅಂದರೆ ಈಗಿನ ಎಷ್ಟೋ ಬಾಣಂತಿಯರು ತಾವೇ ಅಲ್ಲಿ ಉಪ್ಪಿಟ್ಟು ತಿಂದು ಬೆಳೆದವರು, ಜಾಗ ಹೊಸದಲ್ಲ. ಒಲೆ ಇದೆ, ಪಾತ್ರೆ ಇದೆ, ತೂಕದ ಯಂತ್ರ ಇದೆ. ಇನ್ನೊಂದು ದೊಡ್ಡ ವಿಷಯ, ಯಾವ ಜಾತಿಯವರೂ ಹಿಂಜರಿಯದೆ ಬಂದು ಕೂರುವ ಜಾಗ ಅದು. ಅಡುಗೆ ಮಾಡಿ ತೋರಿಸುವ ಕಾರ್ಯಕ್ರಮ ಯಾರದ್ದೋ ಮನೆ ಅಂಗಳದಲ್ಲಿ ಇಟ್ಟರೆ ಯಾರು ಬರುತ್ತಾರೆ, ಯಾರು ದೂರ ನಿಲ್ಲುತ್ತಾರೆ, ಯಾರು ತಿನ್ನದೆ ಹೋಗುತ್ತಾರೆ ಅಂತ ಹಳ್ಳಿಯಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಗನವಾಡಿ ಇಲ್ಲದಿದ್ದರೆ ಶಾಲೆಯ ಜಗುಲಿ.

ತೊಂದರೆ ಎರಡು. ಒಂದು, ದೂರ. 2017ರ ಅಕ್ಟೋಬರ್‌ನಲ್ಲಿ ಬಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿ ಊಟ ಮಾಡಬೇಕಿತ್ತು. ಬಯಲುಸೀಮೆಯ ಒತ್ತೊತ್ತಾದ ಊರಿಗೆ ಅದು ಸರಿ. ನಮ್ಮಲ್ಲಿ ಗುಡ್ಡಕ್ಕೊಂದು ಮನೆ, ನಡುವೆ ಹಳ್ಳ, ಜೋರು ಮಳೆಗೆ ಅದನ್ನು ದಾಟುವ ಸಂಕ ಮುಳುಗುತ್ತದೆ. ತುಂಬು ಬಸುರಿ ಎರಡು ಮೈಲಿ ನಡೆದು ಊಟಕ್ಕೆ ಬರುವುದು ಹೇಗೆ? ಊಟಕ್ಕೇ ಬರಲಾಗದವರು ಪಾಠಕ್ಕೆ ಬರುತ್ತಾರಾ? ಎರಡು, ಅಂಗನವಾಡಿ ಟೀಚರ್ ಮೇಲೆ ಈಗಾಗಲೇ ಹೊರಲಾರದಷ್ಟು ಕೆಲಸ ಇದೆ. ಮಕ್ಕಳನ್ನು ನೋಡಬೇಕು, ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಆ್ಯಪ್ ತುಂಬಬೇಕು, ಸಮೀಕ್ಷೆಗೆ ಹೋಗಬೇಕು. ನಿಮ್ಮ ಕಾರ್ಯಕ್ರಮವನ್ನೂ ಅವರ ತಲೆಗೆ ಕಟ್ಟಬೇಡಿ. ಜಾಗ ಕೇಳಿ, ದಿನ ಕೇಳಿ, ಕೆಲಸ ನೀವು ಮಾಡಿ. ತಿಂಗಳಿಗೊಮ್ಮೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ದಿನ ಇರುತ್ತದೆ, ಚುಚ್ಚುಮದ್ದಿಗೆ ತಾಯಂದಿರು ಹೇಗೂ ಬರುತ್ತಾರೆ. ಆ ದಿನಕ್ಕೆ ಸೇರಿಕೊಂಡರೆ ಯಾರಿಗೂ ಎರಡು ಓಡಾಟ ಇಲ್ಲ.

ಹೆಂಗಸರ ಸ್ವಸಹಾಯ ಸಂಘದ ಸಭೆ ಮೂರನೇ ದಾರಿ. ಸಂಜೀವಿನಿ ಒಕ್ಕೂಟದ ಸಂಘಗಳು ಪ್ರತಿ ಪಂಚಾಯಿತಿಯಲ್ಲೂ ಇವೆ, ಧರ್ಮಸ್ಥಳ ಸಂಘ ಇಲ್ಲದ ಕೇರಿ ಕಡಿಮೆ. ಅದೇ ಹತ್ತು ಹದಿನೈದು ಹೆಂಗಸರು ವಾರ ವಾರ ಒಂದೇ ಜಗುಲಿಯಲ್ಲಿ ಸೇರುತ್ತಾರೆ. ಕಲಿಸುವವರಿಗೆ ಇದಕ್ಕಿಂತ ಇನ್ನೇನು ಬೇಕು? ವಾರಕ್ಕೆ 20 ನಿಮಿಷ, ಎಂಟು ಹತ್ತು ವಾರ. ಹಿಂದಿನ ವಾರ ಹೇಳಿದ್ದನ್ನು ಮಾಡಿದಿರಾ ಅಂತ ಕೇಳಬಹುದು. ಮಾಡಿದವರು ಮಾಡದವರಿಗೆ ಹೇಳುತ್ತಾರೆ. ಆದರೆ ಕಂತಿನ ಲೆಕ್ಕಕ್ಕೆ ಮೊದಲು ಬಾಯಿ ತೆರೆಯಬೇಡಿ. ಈ ವಾರದ ಕಂತಿಗೆ ದುಡ್ಡು ಹೊಂದಿಸಲಾಗದೆ ಕೂತ ಹೆಂಗಸಿನ ಕಿವಿಗೆ ಸೊಪ್ಪಿನ ಮಾತು ಬೀಳುವುದಿಲ್ಲ. ಲೆಕ್ಕ ಮುಗಿದು ಪುಸ್ತಕ ಮುಚ್ಚಿದ ಮೇಲೆ ಮಾತಾಡಿ.

ಸಂಘದಲ್ಲಿ ಇನ್ನೊಂದು ಕೊರತೆ ಇದೆ, ಇದು ಲೆಕ್ಕದ ಹಾಳೆಯಲ್ಲಿ ಕಾಣುವುದಿಲ್ಲ. ತೀರಾ ಬಡವರು ಸಂಘದಲ್ಲಿ ಇರುವುದಿಲ್ಲ. ಕಂತು ಕಟ್ಟಲಾಗದೆ ಬಿಟ್ಟವರು, ಸೇರಿಸಿಕೊಳ್ಳದೆ ಉಳಿದವರು, ಗಂಡ ಇಲ್ಲದ ಒಂಟಿ ಹೆಂಗಸರು, ಊರಾಚೆ ಹಸಲರು ಅನ್ನುವ ಬುಡಕಟ್ಟಿನವರ ಕೇರಿಯ ಎಷ್ಟೋ ಮನೆಗಳು. ನೀವು ಯಾರಿಗಾಗಿ ಈ ಕಾರ್ಯಕ್ರಮ ಶುರು ಮಾಡಿದಿರೋ ಅವರೇ ಹೊರಗೆ. ಹಾಜರಿ ಪುಸ್ತಕ ತುಂಬಿದೆ ಅಂತ ನೆಮ್ಮದಿ ಪಡುವ ಮೊದಲು ಯಾರ ಹೆಸರು ಇಲ್ಲ ಅಂತ ನೋಡಿ.

ಹಾಗಾದರೆ ಅವರು ಎಲ್ಲಿ ಸಿಗುತ್ತಾರೆ? ಅಡಿಕೆ ಚಪ್ಪರದಲ್ಲಿ, ಅಂದರೆ ತೋಟದವರ ಮನೆಯಲ್ಲಿ ಕೂಲಿಯವರು ಕೂತು ಅಡಿಕೆ ಸುಲಿಯುವ ಜಾಗದಲ್ಲಿ. ಇದು ನಾವು ಮೂರನೇ ವರ್ಷ ಕಂಡುಕೊಂಡದ್ದು, ಹೆಚ್ಚು ಹೇಳಬೇಕಾದ್ದೂ ಇದನ್ನೇ. ದೀಪಾವಳಿ ಕಳೆದು ಕೊಯ್ಲು ಶುರುವಾದರೆ ಶಿವರಾತ್ರಿ ಹತ್ತಿರದವರೆಗೂ ಸುಲಿಯುವ ಕೆಲಸ ಇರುತ್ತದೆ. ಸಂಜೆ ಮೇಲೆ, ಎಷ್ಟೋ ಕಡೆ ರಾತ್ರಿ ಹತ್ತರವರೆಗೂ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಹತ್ತಿಪ್ಪತ್ತು ಜನ ಸುತ್ತ ಕೂತಿರುತ್ತಾರೆ. ಸುಲಿದಷ್ಟಕ್ಕೆ ಕೂಲಿ, ಹಾಗಾಗಿ ಯಾರೂ ಏಳುವುದಿಲ್ಲ. ಕೈಗೆ ಕೆಲಸ ಇದೆ, ಕಿವಿ ಖಾಲಿ. ಮಾತು ಹೇಗೂ ನಡೆಯುತ್ತಲೇ ಇರುತ್ತದೆ: ಯಾರ ಮನೆ ಮದುವೆ, ಯಾರ ಮಗು ಉಣ್ಣುತ್ತಿಲ್ಲ, ಯಾರಿಗೆ ತಲೆ ಸುತ್ತು. ನಮ್ಮವರೊಬ್ಬರು ಹೋಗಿ ಒಂದು ಕತ್ತಿ ಹಿಡಿದು ಕೂತರೆ ಸಾಕು, ಪಾಠ ಅಂತ ಗೊತ್ತಾಗದೆ ಪಾಠ ನಡೆಯುತ್ತದೆ. ಗಂಡಸರೂ ಅಲ್ಲೇ ಇರುತ್ತಾರೆ. ಇದು ಸಣ್ಣ ಲಾಭ ಅಲ್ಲ, ಯಾಕೆಂದರೆ ನಮ್ಮ ಕಡೆ ಸಂತೆಗೆ ಹೋಗಿ ಸಾಮಾನು ತರುವವರು ಹೆಚ್ಚಾಗಿ ಗಂಡಸರು. ಹೆಂಗಸರಿಗೆ ಮಾತ್ರ ಹೇಳಿ, ಚೀಲ ಹಿಡಿಯುವವನಿಗೆ ಹೇಳದಿದ್ದರೆ ಮನೆಗೆ ಬರುವುದು ಅದೇ ಹಳೇ ಸಾಮಾನು.

ಇದಕ್ಕೂ ಮಿತಿ ಇದೆ. ತೋಟದ ಯಜಮಾನರ ಒಪ್ಪಿಗೆ ಬೇಕು. ಕೂಲಿ, ಸಾಲದ ಮಾತು ಅಲ್ಲಿ ಬರಬಾರದು, ಬಂದರೆ ಕೂಲಿಯವರಿಗೇ ಕಷ್ಟ. ಸುಲಿಯುವ ಮಷೀನು ಬಂದ ಮನೆಗಳಲ್ಲಿ ಈ ಕೂಟವೇ ಇಲ್ಲ. ಮಳೆಗಾಲದಲ್ಲೂ ಇಲ್ಲ. ಹಾಗಾಗಿ ನಾನು ಹೇಳುವುದು ಹೀಗೆ: ನವೆಂಬರ್‌ನಿಂದ ಫೆಬ್ರವರಿವರೆಗೆ ಚಪ್ಪರ, ಬೇಸಿಗೆಯಲ್ಲಿ ಸಂಘ, ವರ್ಷವಿಡೀ ತಿಂಗಳಿಗೊಮ್ಮೆ ಅಂಗನವಾಡಿ. ಜುಲೈ, ಆಗಸ್ಟ್‌ನಲ್ಲಿ ನಾಟಿ ಕೆಲಸ, ಸುರಿಯುವ ಮಳೆ, ಆಗ ಸಭೆ ಇಟ್ಟು ಜನ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಮನೆ ಭೇಟಿಗೆ ಖರ್ಚು, ಸಮಯ ಎರಡೂ ಜಾಸ್ತಿ. ಎಲ್ಲ ಮನೆಗೂ ಬೇಡ. ತೂಕ ಏರದ ಮಗು ಇರುವ ಮನೆ, ಮೊದಲ ಬಸುರಿ ಇರುವ ಮನೆ, ಇಷ್ಟಕ್ಕೆ ಇಟ್ಟುಕೊಳ್ಳಿ. ಹೋದಾಗ ಸೊಸೆಗಿಂತ ಮೊದಲು ಅತ್ತೆ ಹತ್ತಿರ ಕೂತು ಮಾತಾಡಿ. ಬಾಣಂತಿ ಪಥ್ಯ ತೀರ್ಮಾನ ಮಾಡುವವರು ಅವರು.

ಯಾರು ಹೇಳಬೇಕು

ಓದಿದ ಆಹಾರ ತಜ್ಞರು, ಆಶಾ ಕಾರ್ಯಕರ್ತೆ, ಇಲ್ಲವೇ ಅದೇ ಕೇರಿಯ ಒಬ್ಬ ಹೆಂಗಸು. ನನ್ನ ಆಯ್ಕೆ ಮೂರನೆಯದು. ತಜ್ಞರು ಬೇಡ ಅಂತಲ್ಲ. ಅವರು ಕೇರಿಯ ಹೆಂಗಸಿಗೆ ಕಲಿಸಲಿ, ಅವಳು ಊರಿಗೆ ಕಲಿಸಲಿ. ಅಮೆರಿಕದಲ್ಲಿ ಬಡ ಕುಟುಂಬಗಳಿಗೆ ಆಹಾರದ ಪಾಠ ಹೇಳುವ ಇಎಫ್‌ಎನ್‌ಇಪಿ ಅನ್ನುವ ಕಾರ್ಯಕ್ರಮ 1969ರಿಂದ ನಡೆದುಕೊಂಡು ಬಂದಿದೆ. ಅದರ ಬೆನ್ನೆಲುಬೇ ಇದು: ಅದೇ ಬಡಾವಣೆಯಲ್ಲಿ ಬದುಕುವ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಅವರ ಕೈಯಲ್ಲೇ ಸಣ್ಣ ಗುಂಪುಗಳಿಗೆ ವಾರಗಟ್ಟಲೆ ಪಾಠ ಮಾಡಿಸುವುದು. ಊರು ಬೇರೆ, ಊಟ ಬೇರೆ, ಆದರೆ ಈ ಒಂದು ಮಾತು ನಮ್ಮ ಕೇರಿಗೂ ಸರಿಯಾಗಿ ಹೊಂದುತ್ತದೆ. ಹೊರಗಿನವರು 'ಹುರುಳಿ ತಿನ್ನಿ' ಅಂದರೆ ತಲೆ ಆಡಿಸುತ್ತಾರೆ. ಪಕ್ಕದ ಮನೆ ಅಕ್ಕ 'ನಾನು ಹುರುಳಿ ಮೊಳಕೆ ಕಟ್ಟಿ ಸಾರು ಮಾಡಿದೆ, ನಮ್ಮ ಹುಡುಗ ಎರಡು ಸಲ ಹಾಕಿಸಿಕೊಂಡ' ಅಂದರೆ ಮರುದಿನ ನಾಲ್ಕು ಮನೆಯಲ್ಲಿ ಹುರುಳಿ ನೆನೆಯುತ್ತದೆ.

ಅವಳಿಗೆ ದುಡ್ಡು ಕೊಡಿ. ಸೇವೆ ಅಂತ ಹೇಳಿ ಕೈ ತೊಳೆದುಕೊಳ್ಳಬೇಡಿ. ಅರ್ಧ ದಿನದ ಪಾಠಕ್ಕೆ ಒಂದು ದಿನದ ಕೂಲಿ, ಇದು ನಾವು ಇಟ್ಟುಕೊಂಡ ಲೆಕ್ಕ. ಒಮ್ಮೆ ನಮಗೆ ಹಣ ಕೊಡುತ್ತಿದ್ದ ಸಂಸ್ಥೆಯೊಂದು ಗೌರವಧನ ತೆಗೆದು ಪೋಸ್ಟರ್‌ಗೆ ಹಾಕಿ ಅಂತ ಹಟ ಹಿಡಿಯಿತು. ಆ ವರ್ಷ ಐದು ಹಳ್ಳಿಯಲ್ಲಿ ಪಾಠ ನಿಂತುಹೋಯಿತು. ಪೋಸ್ಟರ್‌ಗಳು ಪಂಚಾಯಿತಿ ಗೋಡೆ ಮೇಲೆ ಮಳೆಗೆ ನೆಂದು ಉದುರಿದವು. ಆ ಹೆಂಗಸರ ಮುಖ ನೋಡುವುದೇ ನನಗೆ ಕಷ್ಟವಾಗಿತ್ತು.

ಆಶಾ ಅಕ್ಕನನ್ನು ಬಿಡಬೇಡಿ. ಕಬ್ಬಿಣದ ಮಾತ್ರೆಯ ವಿಷಯಕ್ಕೆ ಅವರೇ ಸರಿ. ಬಸುರಿಯರಿಗೆ ದಿನಕ್ಕೊಂದರಂತೆ 180 ದಿನ ಅಂತ ಮಾತ್ರೆ ಕೊಡುತ್ತಾರೆ, ಎಷ್ಟೋ ಮನೆಯಲ್ಲಿ ಅದು ಡಬ್ಬಿಯಲ್ಲೇ ಉಳಿಯುತ್ತದೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಅಂತ ಹೆದರಿ ಬಿಡುತ್ತಾರೆ. ಮಲ ಕಪ್ಪಾಗುವುದು ಮಾತ್ರೆಯಿಂದಲೇ, ಅಪಾಯ ಇಲ್ಲ ಅಂತ ಒಂದು ಮಾತು ಸರಿಯಾದ ಬಾಯಿಂದ ಬಂದರೆ ಡಬ್ಬಿ ಖಾಲಿಯಾಗುತ್ತದೆ.

ಏನು ಹೇಳಬೇಕು: ಅಚ್ಚಾದ ಪಟವೋ, ಹಿತ್ತಲ ಪಟ್ಟಿಯೋ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ತಂದಿದೆ. 2,000 ಕ್ಯಾಲೊರಿಯ ತಟ್ಟೆಗೆ ಧಾನ್ಯ 250 ಗ್ರಾಂ, ತರಕಾರಿ, ಸೊಪ್ಪು ಸೇರಿ 400 ಗ್ರಾಂ, ಬೇಳೆಕಾಳು, ಮೊಟ್ಟೆ, ಮಾಂಸದ ಬಾಬ್ತು 85 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿ. ನಡೆಸುವವರು ಇದನ್ನು ಚೆನ್ನಾಗಿ ಓದಿಕೊಳ್ಳಿ. ಆದರೆ ಗ್ರಾಂ ಲೆಕ್ಕ ಊರಿಗೆ ಒಯ್ಯಬೇಡಿ. ತಕ್ಕಡಿ ಇಲ್ಲದ ಅಡುಗೆಮನೆಯಲ್ಲಿ 85 ಗ್ರಾಂ ಅಂದರೆ ಏನು? ಅನ್ನ ಒಂದು ಹಿಡಿ ಕಡಿಮೆ, ಸೊಪ್ಪು ಒಂದು ಸೌಟು ಜಾಸ್ತಿ, ದಿನಕ್ಕೊಮ್ಮೆ ಕಾಳು. ಇಷ್ಟು ಸಾಕು.

ಅಚ್ಚಾದ ಪಟಕ್ಕಿಂತ ಆ ಊರಿನ ಹಿತ್ತಲ ಪಟ್ಟಿ ಮಾಡಿ, ಹೆಂಗಸರಿಂದಲೇ ಹೇಳಿಸಿ. ನಾವು ಮೊದಲ ಸಲ ಕೇಳಿದಾಗ 'ನಮ್ಮಲ್ಲೇನಿದೆ' ಅಂದವರು ಅರ್ಧ ಗಂಟೆಯಲ್ಲಿ ನಲವತ್ತು ಹೆಸರು ಹೇಳಿದರು. ಒಂದೆಲಗ, ಬಸಳೆ, ಹರಿವೆ, ಕೆಸು, ಚಗಟೆ ಸೊಪ್ಪು, ಚಕ್ರಮುನಿ, ಹಲಸಿನ ಬೀಜ, ಪಪ್ಪಾಯ, ಸಿಹಿಗುಂಬಳ, ಬಾಳೆ ಹೂವು, ದಿಂಡು. ಗದ್ದೆ ಏಡಿ, ಹೊಳೆ ಮೀನು, ಒಣ ಸಿಗಡಿ. ಈ ಕೊನೆಯ ಮೂರನ್ನು ಹೇಳುವಾಗ ದನಿ ಸಣ್ಣದಾಯಿತು, ಯಾಕೆಂದರೆ ಇಂಥ ಸಭೆಯಲ್ಲಿ ಯಾರೂ ಅದನ್ನು ಒಳ್ಳೆಯ ಊಟ ಅಂತ ಹೇಳಿದ್ದು ಅವರು ಕೇಳಿಲ್ಲ. ಪಟದಲ್ಲಿ ಹಾಲು, ಹಣ್ಣು ಮಾತ್ರ ಬರೆದು, ಏಡಿ ಸಾರು ಉಣ್ಣುವ ಮನೆಗೆ ನಿಮ್ಮ ಊಟ ಲೆಕ್ಕಕ್ಕಿಲ್ಲ ಅನ್ನುವ ಭಾವನೆ ಹುಟ್ಟಿಸುವುದು ದೊಡ್ಡ ತಪ್ಪು. ತಿನ್ನುವವರಿಗೆ ಅದು ಬಹಳ ಒಳ್ಳೆಯ ಊಟ ಅಂತ ಬಾಯಿಬಿಟ್ಟು ಹೇಳಿ. ತಿನ್ನದವರಿಗೆ ಹುರುಳಿ, ಹೆಸರು, ಅಲಸಂದೆ, ಎಳ್ಳು, ಮಜ್ಜಿಗೆ ಇವೆ. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನು ಇದೆ, ಸಾಮಾನ್ಯವಾಗಿ ತೊಗರಿಗಿಂತ ಅಗ್ಗಕ್ಕೇ ಸಿಗುತ್ತದೆ.

ಮೂರು ಎಚ್ಚರ. ಕಳಲೆಯನ್ನು, ಅಂದರೆ ಬಿದಿರಿನ ಎಳೆ ಮೊಳಕೆಯನ್ನು, ಹೆಚ್ಚಿ, ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಸಿ ಬೇಯಿಸಬೇಕು, ಅದರಲ್ಲಿ ಸಯನೈಡ್ ಆಗುವ ಅಂಶ ಇದೆ. ಹಳಬರಿಗೆ ಗೊತ್ತು, ಹೊಸ ಸೊಸೆಯರಿಗೆ ಗೊತ್ತಿರಲೇಬೇಕು ಅಂತಿಲ್ಲ. ಗುರುತಿಲ್ಲದ ಅಣಬೆ ಬೇಡವೇ ಬೇಡ. ಇನ್ನು, ಬೇಸಿಗೆ ಮುಗಿಯುವವರೆಗೆ ಕಾಡಿಗೆ ಹೋಗಿ ಸೊಪ್ಪು ತನ್ನಿ ಅಂತ ಹೇಳಬೇಡಿ. 1957ರಲ್ಲಿ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಗುರುತಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, ಉಣುಗು ಹೆಚ್ಚಾಗುವ ಆ ತಿಂಗಳುಗಳಲ್ಲಿ ಇವತ್ತಿಗೂ ಅದು ಜನರನ್ನು ಕಾಡುತ್ತದೆ.

ಪಡಿತರ ಅಕ್ಕಿಯ ಬಗ್ಗೆಯೂ ಒಂದು ಪಾಠ ಇಟ್ಟುಕೊಳ್ಳಿ. ಸಾರವರ್ಧಿತ ಅಕ್ಕಿ ಬಂದಾಗ 'ಪ್ಲಾಸ್ಟಿಕ್ ಅಕ್ಕಿ' ಅಂತ ಸುದ್ದಿ ಹಬ್ಬಿತು. ಬಣ್ಣ ಸ್ವಲ್ಪ ಬೇರೆ ಇದ್ದ ಕಾಳುಗಳನ್ನು ಹೆಂಗಸರು ಕೂತು ಆರಿಸಿ ಎಸೆಯುತ್ತಿದ್ದರು. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಇದ್ದದ್ದು ಆ ಕಾಳಲ್ಲೇ, 100 ಕಿಲೋ ಅಕ್ಕಿಗೆ 1 ಕಿಲೋ ಬೆರೆಸಿರುತ್ತಿದ್ದರು. ಮಕ್ಕಳಿಗೆ ಒಳ್ಳೆಯದಾಗಲಿ ಅಂತ ಆರಿಸುತ್ತಿದ್ದ ಕೈಗಳು ಒಳ್ಳೆಯದನ್ನೇ ಎಸೆಯುತ್ತಿದ್ದವು. ಅದನ್ನು ನೋಡಿ ಬಹಳ ಸಂಕಟ ಆಗಿತ್ತು.

ಚಹಾ ಬಿಡಿ ಅನ್ನಬೇಡಿ, ಯಾರೂ ಬಿಡುವುದಿಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಡಿ ಅನ್ನಿ. ಚಹಾದ ಒಗರು ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ, ನಿಂಬೆ, ನೆಲ್ಲಿಕಾಯಿ ಹತ್ತಿಸುತ್ತವೆ.

ಏನು ಕೊಡಬೇಕು

ಆಹಾರದ ಕಿಟ್ ಕೊಟ್ಟರೆ ಮನೆಯವರಿಗೆ ಖುಷಿ, ಹತ್ತು ದಿನಕ್ಕೆ ಮುಗಿಯುತ್ತದೆ. ಭಾರೀ ಮಳೆಗೆ ಕೂಲಿ ನಿಂತ ತಿಂಗಳಲ್ಲಿ ಅದು ಬೇಕೇ ಬೇಕು, ಹಸಿದವರಿಗೆ ಪಾಠ ಹೇಳುವುದು ಸರಿಯಲ್ಲ. ಉಳಿದ ಸಮಯದಲ್ಲಿ ಆ ದುಡ್ಡನ್ನು ಗಿಡಕ್ಕೆ, ಕೋಳಿಗೆ ಹಾಕಿ.

ಗಿಡದಲ್ಲೂ ನೋಡಿ ಆರಿಸಿ. ಎಲ್ಲ ಕಡೆ ನುಗ್ಗೆ ನುಗ್ಗೆ ಅನ್ನುತ್ತಾರೆ. ಶಿಕಾರಿಪುರ, ಶಿವಮೊಗ್ಗದ ಬಯಲು ಕಡೆ ಸರಿ, ಆಗುಂಬೆ, ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಮಳೆಗೆ ನುಗ್ಗೆ ಬೇರು ಕೊಳೆತು ಸಾಯುತ್ತದೆ. ಅಲ್ಲಿಗೆ ಚಕ್ರಮುನಿ ಕಡ್ಡಿ, ಬಸಳೆ ಬಳ್ಳಿ ಕೊಡಿ, ಮಳೆ ಹಿಡಿದಾಗ ನೆಟ್ಟರೆ ತಾನೇ ಹತ್ತುತ್ತದೆ, ಒಂದು ಮನೆಯಿಂದ ಇನ್ನೊಂದಕ್ಕೆ ಕಡ್ಡಿ ಹೋಗುತ್ತದೆ. ಅಂಗಡಿಯ ತರಕಾರಿ ಬೀಜದ ಪೊಟ್ಟಣ ಹಂಚಿದ ವರ್ಷ ಬೆಂಡೆ, ಸೌತೆ ಎಲ್ಲ ಮಂಗನ ಪಾಲಾಯಿತು. ಕೆಸು, ಸುವರ್ಣಗೆಡ್ಡೆ ಮಾತ್ರ ಉಳಿದವು. ಗಿಡದ ಬಗ್ಗೆ ಕೇಳಲು ನವಿಲೆಯ ಕೃಷಿ ವಿಜ್ಞಾನ ಕೇಂದ್ರ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇವೆ, ಹೋಗಿ ಕೇಳಿ.

ನಾಟಿ ಕೋಳಿ ಕೊಟ್ಟರೆ ಮೊಟ್ಟೆ ಮಾರಿಹೋಗುತ್ತದೆ ಅಂತ ದೂರುವವರಿದ್ದಾರೆ. ಹೌದು, ನಾಲ್ಕು ಮಾರುತ್ತಾರೆ. ಎರಡು ಮಗುವಿನ ತಟ್ಟೆಗೆ ಬೀಳುತ್ತದೆ ಅಲ್ವಾ? ಮೊದಲು ಅದೂ ಇರಲಿಲ್ಲ.

ಫೋನ್, ರೇಡಿಯೊ

ಸುಮ್ನೆ ವಾಟ್ಸಾಪ್ ಗುಂಪು ಮಾಡಿ ಪಾಠ ಮುಗಿಯಿತು ಅನ್ನಬೇಡಿ. ಶರಾವತಿ ಹಿನ್ನೀರಿನ ಕಡೆ 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಗಿ, ಹೊಳೆ ದಾಟಲು ಲಾಂಚ್ ಕಾಯುವುದು ತಪ್ಪಿತು, ಆದರೆ ಸಿಗ್ನಲ್‌ಗೆ ಗುಡ್ಡ ಹತ್ತುವ ಜಾಗಗಳು ಮಲೆನಾಡಿನಲ್ಲಿ ಇನ್ನೂ ಇವೆ. ಮನೆಯ ಫೋನ್ ಇರುವುದು ಗಂಡನ ಜೇಬಲ್ಲಿ. ವಿಡಿಯೊ ಮಾಡುವುದಾದರೆ ಅದೇ ಊರಿನವರ ಅಡುಗೆ ತೆಗೆದು, ಗುಂಪಿನಲ್ಲಿ ಕೂತು ತೋರಿಸಿ, ನಿಲ್ಲಿಸಿ ಮಾತಾಡಿ. ಒಡಿಶಾದ ಕೆಂದುಝರ್ ಜಿಲ್ಲೆಯಲ್ಲಿ ಊರಿನವರೇ ನಟಿಸಿದ ಇಂಥ ವಿಡಿಯೊಗಳನ್ನು ಮಹಿಳಾ ಗುಂಪುಗಳಲ್ಲಿ ತೋರಿಸಿ ಅಧ್ಯಯನ ಮಾಡಿದ್ದಾರೆ. ಮಕ್ಕಳ ಊಟದಲ್ಲಿ ಬಗೆ ಹೆಚ್ಚಾಯಿತು, ಸೊರಗಿದ ಮಕ್ಕಳ ಪ್ರಮಾಣ ಮಾತ್ರ ಇಳಿಯಲಿಲ್ಲ. ಅಷ್ಟು ಪ್ರಾಮಾಣಿಕವಾಗಿ ನಾವೂ ಹೇಳಿಕೊಳ್ಳಬೇಕು. ಭದ್ರಾವತಿ ಆಕಾಶವಾಣಿ ವಯಸ್ಸಾದವರಿಗೆ ಇವತ್ತಿಗೂ ಹತ್ತಿರ, ಅಜ್ಜಿಯರಿಗೆ ಮುಟ್ಟಿಸಬೇಕಾದ ಮಾತಿಗೆ ಅದು ಒಳ್ಳೆಯದು.

ಅಳೆಯುವುದು ಹೇಗೆ

ಹಣ ಕೊಟ್ಟವರು ರಕ್ತದ ಅಂಶ ಎಷ್ಟು ಏರಿತು ಅಂತ ಕೇಳುತ್ತಾರೆ. ಅದು ಮಾತ್ರೆ, ಜಂತುಹುಳು, ಮುಟ್ಟಿನ ತೊಂದರೆ ಎಲ್ಲದಕ್ಕೂ ಅಂಟಿಕೊಂಡಿದೆ, ನಿಮ್ಮ ಮೂರು ತಿಂಗಳ ಪಾಠದಿಂದ ಏರಿತು ಅಂತ ಹೇಳಲಾಗುವುದಿಲ್ಲ. ಎಷ್ಟು ಜನ ಬಂದರು ಅನ್ನುವ ಲೆಕ್ಕವಂತೂ ಏನನ್ನೂ ಹೇಳುವುದಿಲ್ಲ. ನಾನು ಹಿಡಿದಿರುವುದು ಹತ್ತು ಗುಂಪಿನ ಎಣಿಕೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೆಂಗಸರ ಊಟ ನೋಡಲು ಬಳಸುವ ದಾರಿ ಇದು. ಅನ್ನ, ರೊಟ್ಟಿ, ಗೆಡ್ಡೆ ಒಂದು ಗುಂಪು. ಕಾಳು, ಎಳ್ಳು ಶೇಂಗಾ, ಹಾಲು ಮೊಸರು, ಮೀನು ಮಾಂಸ, ಮೊಟ್ಟೆ, ಹಸಿರು ಸೊಪ್ಪು, ಕುಂಬಳ ಪಪ್ಪಾಯದಂಥ ಹಳದಿ ಕೆಂಪು ತರಕಾರಿ ಹಣ್ಣು, ಉಳಿದ ತರಕಾರಿ, ಉಳಿದ ಹಣ್ಣು, ಹೀಗೆ ಒಟ್ಟು ಹತ್ತು. ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಇದರಲ್ಲಿ ಎಷ್ಟು ಬಾಯಿಗೆ ಬಿತ್ತು? ಐದಾದರೂ ಇರಬೇಕು. ಸಾರಿನಲ್ಲಿ ತೇಲಿದ ಎರಡು ಎಲೆ ಲೆಕ್ಕಕ್ಕಿಲ್ಲ, ಒಂದು ದೊಡ್ಡ ಚಮಚವಾದರೂ ಇರಬೇಕು.

ಓದು ಬಾರದವರೂ ಬೆರಳಲ್ಲಿ ಎಣಿಸುತ್ತಾರೆ. ಶುರುವಿನಲ್ಲಿ ಒಮ್ಮೆ, ಪಾಠ ಮುಗಿದಾಗ ಒಮ್ಮೆ, ಆರು ತಿಂಗಳು ಬಿಟ್ಟು ಇನ್ನೊಮ್ಮೆ ಎಣಿಸಿ. ಮೂರನೇ ಎಣಿಕೆಯನ್ನು ಬಿಟ್ಟುಬಿಡುವವರೇ ಜಾಸ್ತಿ, ಅದಕ್ಕೆ ಬೇಕಾದ ದುಡ್ಡು ಮೊದಲೇ ತೆಗೆದಿಡಿ. ಮಳೆಗಾಲದ್ದನ್ನು ಬೇಸಿಗೆಯದಕ್ಕೆ ಹೋಲಿಸಬೇಡಿ, ಹಲಸು, ಮಾವು ಬಂದಾಗ ಲೆಕ್ಕ ತಾನೇ ಏರುತ್ತದೆ. ಹಬ್ಬದ ಮರುದಿನ, ಮದುವೆ ಊಟದ ಮರುದಿನ ಎಣಿಸಲು ಹೋಗಬೇಡಿ.